ಸೂರು ನಮ್ಮದು, ನೆಲ ಯಾರದು?

ಜುಲೈ ತಿಂಗಳ ಒಂದು ಬೆಳಿಗ್ಗೆ. ಮೂಡಿಗೆರೆ ಸೀಮೆಯ ಒಂದು ಗ್ರಾಮ ಪಂಚಾಯಿತಿ ಕಚೇರಿಯ ಜಗಲಿಯಲ್ಲಿ ಐದಾರು ಜನ ಕೊಡೆ ಮಡಚಿ ಗೋಡೆಗೆ ಒರಗಿಸಿ ನಿಂತಿದ್ದರು. ಅವರಲ್ಲಿ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಸೆರಗಿನ ಮರೆಯಿಂದ ಒಂದು ಪ್ಲಾಸ್ಟಿಕ್ ಕೊಟ್ಟೆ ತೆಗೆದರು. ಕೊಟ್ಟೆಯೊಳಗೆ ಇನ್ನೊಂದು ಕೊಟ್ಟೆ, ಅದರೊಳಗೆ ಕಾಗದ. ಮನೆ ಕಂದಾಯದ ರಸೀದಿಗಳು, ಮೆಸ್ಕಾಂ ಬಿಲ್ಲು, ರೇಷನ್ ಕಾರ್ಡು, 94ಸಿ ಅರ್ಜಿ ಕೊಟ್ಟಾಗ ಸಿಕ್ಕಿದ ಸ್ವೀಕೃತಿ ಚೀಟಿ. ರಸೀದಿಗಳನ್ನು ವರ್ಷದ ಪ್ರಕಾರ ಜೋಡಿಸಿ ದಾರ ಕಟ್ಟಿದ್ದರು. ಒಂದಕ್ಕೂ ನೀರು ತಾಗಿರಲಿಲ್ಲ.

ಬಿಲ್ ಕಲೆಕ್ಟರ್ ಕಾಗದಗಳನ್ನು ತಿರುವಿಹಾಕಿ, "ಈಗ 11ಬಿ ಕೊಡ್ತಿದ್ದಾರಮ್ಮ, ಅರ್ಜಿ ಹಾಕಿ" ಎಂದ.

"ಅದು ಬಂದ್ರೆ ಮನೆ ನಮ್ದಾಯ್ತಲ್ವಾ ಸಾರ್?"

ಆತ ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಹೇಳಿದ: "ಆಯ್ತು ಅಂತಲ್ಲ. ಇಲ್ಲ ಅಂತಲೂ ಅಲ್ಲ."

ಆತ ಜಾರಿಕೊಳ್ಳಲು ಹೇಳಿದ ಮಾತಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಕರ್ನಾಟಕದಲ್ಲಿ ಮನೆ, ನಿವೇಶನ, ಖಾತೆ ಕುರಿತು ಬಂದ ಒಂದೊಂದು ತಿದ್ದುಪಡಿಯೂ ಈ ಕಾಫಿ ಗುಡ್ಡಗಳಿಗೆ ಬರುವಷ್ಟರಲ್ಲಿ ಇದೇ ಉತ್ತರವಾಗಿ ನಿಂತಿದೆ. ಯಾಕೆ ಹೀಗಾಯಿತು ಎಂದು ತಿಳಿಯಬೇಕಾದರೆ ಕಾನೂನಿನ ಪುಸ್ತಕಕ್ಕೆ ಮುಂಚೆ ಇಲ್ಲಿನ ನೆಲವನ್ನು ನೋಡಬೇಕು.

ಊರೇ ಇಲ್ಲದ ಊರು

ಜಾವಳಿ ಎಂದರೆ ಹೇಮಾವತಿ ಹುಟ್ಟುವ ಜಾಗ. ಬಲ್ಲಾಳರಾಯನ ದುರ್ಗದ ಬೆಟ್ಟಸಾಲಿನ ಈ ಹಳ್ಳಿಯಿಂದ ಹೊರಟ ನೀರು ಗೊರೂರಿನ ಅಣೆಕಟ್ಟೆ ತುಂಬಿ ಕೊನೆಗೆ ಕಾವೇರಿಯನ್ನು ಸೇರುತ್ತದೆ. ಬಯಲುಸೀಮೆಯಿಂದ ಬಂದವರು ಇಲ್ಲಿ ಬಸ್ ಇಳಿದು "ಊರು ಎಲ್ಲಿ?" ಎಂದು ಕೇಳುವುದುಂಟು. ಅವರ ಲೆಕ್ಕದ ಊರು ಇಲ್ಲಿಲ್ಲ. ಮಂಡ್ಯದಲ್ಲೋ ದಾವಣಗೆರೆಯಲ್ಲೋ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ಒಂದೇ ಕಡೆ ಇರುತ್ತವೆ. ಊರಿನ ಸುತ್ತ ಒಂದು ಗಡಿ ಎಳೆದರೆ ಅದು ಗ್ರಾಮಠಾಣ, ಅದರಾಚೆ ಹೊಲ. ಮಲೆನಾಡಿನಲ್ಲಿ ಒಂದು ಮನೆ ಗದ್ದೆಯ ದಂಡೆಯಲ್ಲಿದ್ದರೆ ಇನ್ನೊಂದು ಎರಡು ಫರ್ಲಾಂಗು ದೂರದ ದಿಣ್ಣೆಯ ಮೇಲೆ, ಮೂರನೆಯದು ತೋಟದ ಒಳಗೆ. ನಡುವೆ ಹಳ್ಳ, ಕಾಡು, ಕಾಫಿ.

ಇದು ನೋಟದ ಮಾತು ಮಾತ್ರವಲ್ಲ. ಹಳ್ಳಿಮನೆಗಳ ಬಗ್ಗೆ ನಮ್ಮ ಕಾನೂನುಗಳೆಲ್ಲ ಗ್ರಾಮಠಾಣವೊಂದು ಇದೆ ಎಂಬ ಊಹೆಯಿಂದಲೇ ಹೊರಡುತ್ತವೆ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸ್ವಾಮಿತ್ವ ಯೋಜನೆಯನ್ನೇ ನೋಡಿ. ಡ್ರೋನ್ ಹಾರಿಸಿ ಜನವಸತಿಯ ಮನೆಗಳನ್ನು ಅಳೆದು ಆಸ್ತಿ ಕಾರ್ಡು ಕೊಡುವುದು ಅದರ ಕೆಲಸ. ಮನೆಗಳು ಒತ್ತಾಗಿರುವ ಕಡೆ ಅದು ಸಲೀಸು. ಸಿಲ್ವರ್ ಓಕ್ ಮತ್ತು ಹಲಸಿನ ಮರಗಳ ನೆರಳಿನಲ್ಲಿ, ಪಹಣಿಯಲ್ಲಿ ಕಾಫಿ ಎಂದು ಬರೆದಿರುವ ಸರ್ವೆ ನಂಬರಿನ ನಡುವೆ ಇರುವ ಮನೆಗೆ ಆ ಕಾರ್ಡು ಹೇಗೆ ತಾನೇ ಸಲ್ಲೀತು?

ಹೀಗಾಗಿ ಜಾವಳಿ, ಬಾಳೂರು, ಕಳಸದ ಕಡೆ ಒಂದು ಮನೆಯ ಹಣೆಬರಹ ನಿರ್ಧಾರವಾಗುವುದು ಗೋಡೆಯಿಂದಲ್ಲ, ಅಡಿಪಾಯದ ಕೆಳಗಿನ ಮಣ್ಣಿನಿಂದ. ನೋಡಲು ಒಂದೇ ಥರದ ನಾಲ್ಕು ಮನೆಗಳನ್ನು ನೆನೆಸಿಕೊಳ್ಳಿ. ನಾಲ್ಕಕ್ಕೂ ಮಂಗಳೂರು ಹೆಂಚು, ನಾಲ್ಕಕ್ಕೂ ಘಟ್ಟದ ಕೆಳಗಿಂದ ಬಂದ ಮುರಕಲ್ಲಿನ ಗೋಡೆ. ಒಂದು ಸ್ವಂತ ಹಿಡುವಳಿಯಲ್ಲಿದೆ, ಆದರೆ ಭೂಪರಿವರ್ತನೆ ಆಗಿಲ್ಲ. ಎರಡನೆಯದು ಗೋಮಾಳದಲ್ಲಿ. ಮೂರನೆಯದು ಅರಣ್ಯ ಕಾಯ್ದೆಯ ಸೆಕ್ಷನ್ 4ರಲ್ಲಿ ಎಂದೋ ಅಧಿಸೂಚನೆಯಾಗಿ ಅಲ್ಲಿಗೇ ನಿಂತ ಜಾಗದಲ್ಲಿ. ನಾಲ್ಕನೆಯದು ಎಸ್ಟೇಟಿನ ಲೈನ್ ಮನೆ. ಈ ನಾಲ್ಕಕ್ಕೂ ಒಂದೇ ಪಂಚಾಯಿತಿ ಬೀದಿದೀಪ ಹಾಕುತ್ತದೆ, ಒಂದೇ ಪಂಚಾಯಿತಿ ನೀರು ಕೊಡುತ್ತದೆ. ಕಾನೂನಿಗೆ ಮಾತ್ರ ಇವು ನಾಲ್ಕು ಬೇರೆ ಬೇರೆ ಲೋಕ.

ತೆರಿಗೆಯ ಕಾಗದ, ಹಕ್ಕಿನ ಕಾಗದ

ಗ್ರಾಮ ಪಂಚಾಯಿತಿಗಳಿಗೆ ಇ-ಸ್ವತ್ತು ತಂತ್ರಾಂಶ ಬಂದದ್ದು 2013ರಲ್ಲಿ. ಅದಕ್ಕೆ ಮೊದಲು ಖಾತೆ ಎಂದರೆ ಕೈಬರಹದ ರಿಜಿಸ್ಟರು. ಬರೆದವರ ಅಕ್ಷರ, ಬರೆಸಿದವರ ಪ್ರಭಾವ ಎರಡೂ ಅದರಲ್ಲಿ ಇರುತ್ತಿದ್ದವು. ಇ-ಸ್ವತ್ತು ಆ ಗೊಂದಲವನ್ನು ಎರಡು ಸಾಲಿಗೆ ತಂದಿತು. ಕಾನೂನುಬದ್ಧ ನಿವೇಶನ, ಮನೆಗಳಿಗೆ ನಮೂನೆ 9 ಮತ್ತು 11ಎ. ಉಳಿದವಕ್ಕೆ 11ಬಿ. ಪಟ್ಟಣಗಳಲ್ಲಿ ಜನ 'ಎ ಖಾತೆ, ಬಿ ಖಾತೆ' ಎನ್ನುತ್ತಾರಲ್ಲ, ಹಳ್ಳಿಯಲ್ಲಿ ಅದರ ಸೋದರ ಸಂಬಂಧಿ ಇದು.

ಸರ್ಕಾರ ಇಂಥ ಆಸ್ತಿಗಳನ್ನು ಏಕಗಂಟಿಗೆ ಸಕ್ರಮ ಮಾಡಲು ನೋಡದೆ ಇರಲಿಲ್ಲ. ನಗರ ಪ್ರದೇಶಗಳ ಅಕ್ರಮ-ಸಕ್ರಮಕ್ಕೆ ರಾಜ್ಯದ ಹೈಕೋರ್ಟ್ ಒಪ್ಪಿದರೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಲ್ಲಿಂದ ಸರ್ಕಾರ ದಾರಿ ಬದಲಿಸಿತು. ಸಕ್ರಮ ಮಾಡುವುದು ಬೇಡ, ದಾಖಲೆಗೆ ತಂದು ತೆರಿಗೆ ಹಾಕೋಣ ಎಂದಿತು. ಮೂಡಿಗೆರೆಯಂಥ ಪಟ್ಟಣ ಪಂಚಾಯಿತಿಗಳಲ್ಲಿ, ಚಿಕ್ಕಮಗಳೂರಿನಂಥ ನಗರಸಭೆಗಳಲ್ಲಿ 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದ ಅನಧಿಕೃತ ಆಸ್ತಿಗಳಿಗೆ ಬಿ ಖಾತೆ ಕೊಡುವ ಆಂದೋಲನ 2025ರ ಫೆಬ್ರುವರಿಯಲ್ಲಿ ಶುರುವಾಯಿತು. ಮೊದಲ ವರ್ಷ ದುಪ್ಪಟ್ಟು ತೆರಿಗೆ, ಆಮೇಲೆ ಮಾಮೂಲಿ. ಅದೇ ವರ್ಷ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಗೂ ತಿದ್ದುಪಡಿ ಬಂತು. ಅನುಮತಿಯಿಲ್ಲದೆ ಕಟ್ಟಿದ ಮನೆಗಳಿಗೂ, ಕಂದಾಯ ಜಮೀನಿನಲ್ಲಿ ಎದ್ದ ನಿವೇಶನಗಳಿಗೂ ತೆರಿಗೆ ಹಾಕಿ 11ಬಿ ಕೊಡುವ ಅಧಿಕಾರ ಗ್ರಾಮ ಪಂಚಾಯಿತಿಗೆ ಸಿಕ್ಕಿತು.

ಪಂಚಾಯಿತಿಗೆ ಇದರಿಂದ ಅನುಕೂಲವೇ. ರಸ್ತೆ, ನೀರು, ದೀಪ ಎಲ್ಲ ಕೊಟ್ಟೂ ಡಿಮ್ಯಾಂಡ್ ರಿಜಿಸ್ಟರಿನಲ್ಲಿ ಹೆಸರೇ ಇಲ್ಲದ ಮನೆಗಳು ಪ್ರತಿ ಪಂಚಾಯಿತಿಯಲ್ಲೂ ಇವೆ. ಸ್ವಂತ ವರಮಾನ ಎಂಬುದು ಸಿಬ್ಬಂದಿ ಸಂಬಳಕ್ಕೇ ತಿಣುಕಾಡುವ ಕಡೆ ಒಂದೊಂದು ಹೆಸರೂ ದುಡ್ಡೇ. ಮನೆಯವರಿಗೂ ಪ್ರಯೋಜನ ಇಲ್ಲದಿಲ್ಲ. ತಮ್ಮ ಹೆಸರಿರುವ, ಚೆಕ್ಕುಬಂದಿ ಬರೆದಿರುವ, ಸರ್ಕಾರದ ಗಣಕದಲ್ಲಿ ಉಳಿಯುವ ಒಂದು ಹಾಳೆ ಸಿಗುತ್ತದೆ.

ಆದರೆ ಇಲ್ಲೇ ಜನ ಎಡವುತ್ತಿರುವುದು. ಖಾತೆ ಎಂದರೆ ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎಂಬುದರ ದಾಖಲೆ. ನೆಲ ಯಾರದು ಎಂಬುದರ ದಾಖಲೆ ಅಲ್ಲ. ಎ ಖಾತೆಗೂ ಈ ಮಾತು ಸಲ್ಲುತ್ತದೆ, 11ಬಿಗಂತೂ ಎರಡು ಪಟ್ಟು ಸಲ್ಲುತ್ತದೆ. ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ. ನೆಲ ಸರ್ಕಾರದ್ದಾಗಿದ್ದರೆ ಸರ್ಕಾರದ್ದೇ. ಸಾಲ ಕೇಳಲು ಹೋದಾಗ ಬ್ಯಾಂಕಿನವರು ಹಾಳೆಯ ಮೇಲ್ತುದಿಯಲ್ಲಿ 11ಬಿ ಎಂಬುದನ್ನು ನೋಡಿಯೇ ಮಡಚಿ ವಾಪಸು ಕೊಡುವುದು ಇದೇ ಕಾರಣಕ್ಕೆ.

ಹಾಗಾದರೆ ಹಕ್ಕಿನ ಕಾಗದ ಯಾವುದು? ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಂಡ ಹಳ್ಳಿಗರಿಗೆ ಅದು ಭೂ ಕಂದಾಯ ಕಾಯ್ದೆಯ 94ಸಿ ಅಡಿ ಸಿಗುವ ಹಕ್ಕುಪತ್ರ. ಪಟ್ಟಣದವರಿಗೆ 94ಸಿಸಿ. ದಾಖಲೆಯಲ್ಲೇ ಇಲ್ಲದ ಹಾಡಿ, ಹಟ್ಟಿ, ತಾಂಡಾಗಳು ಸರ್ಕಾರಿ ಜಾಗದಲ್ಲಿದ್ದರೆ 94ಡಿ. ಅಂಥವು ಖಾಸಗಿ ಜಮೀನಿನಲ್ಲಿದ್ದರೆ ಭೂ ಸುಧಾರಣಾ ಕಾಯ್ದೆಯ 38ಎ. 'ವಾಸಿಸುವವನೇ ಮನೆಯೊಡೆಯ' ಎಂಬ ಮಾತು ನಾಡಿನ ತುಂಬ ಕೇಳಿದ್ದು ಈ ಕೊನೆಯ ತಿದ್ದುಪಡಿಯ ಹೊತ್ತಿನಲ್ಲಿ, ಕಾಗೋಡು ತಿಮ್ಮಪ್ಪನವರು ಕಂದಾಯ ಮಂತ್ರಿಯಾಗಿದ್ದಾಗ. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಉಳುವವನಿಗೆ ಹೊಲ ಸಿಕ್ಕ ಮೇಲೆ ವಾಸಿಸುವವನಿಗೆ ಮನೆ ಸಿಗಲು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. 2025ರ ಮೇ 20ರಂದು ಹೊಸಪೇಟೆಯಲ್ಲಿ 1,11,111 ಹಕ್ಕುಪತ್ರ. ಇವು ದೊಡ್ಡ ಕೆಲಸಗಳು, ಮನಸ್ಸು ತುಂಬಿ ಹೇಳಬೇಕಾದ ಮಾತಿದು. ತಲೆಮಾರುಗಟ್ಟಲೆ 'ದಾಖಲೆ ರಹಿತ' ಎನಿಸಿಕೊಂಡವರ ಕೈಗೆ ಅವರದೇ ಮನೆಯ ಪತ್ರ ಬಂತು.

ಮಲೆನಾಡಿನ ಪಾಲಿಗೆ ಈ ದಾರಿಯಲ್ಲಿ ಅರಣ್ಯ ಅಡ್ಡ ನಿಲ್ಲುತ್ತದೆ. 94ಸಿ ಅರ್ಜಿ ಅರಣ್ಯ ಜಮೀನಿಗೆ ಸಲ್ಲದು. ಯಾವುದು ಅರಣ್ಯ ಎಂಬುದೇ ಇಲ್ಲಿ ಬಿಡಿಸಲಾಗದ ಗಂಟು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ ಕಾಡಿನಂತಿರುವುದೆಲ್ಲ ಕಾಡೇ ಎಂಬರ್ಥದ ಆದೇಶ ಕೊಟ್ಟ ಮೇಲೆ ಕರ್ನಾಟಕದಲ್ಲಿ ಡೀಮ್ಡ್ ಅರಣ್ಯದ ಪಟ್ಟಿ ಸುಮಾರು 9.94 ಲಕ್ಷ ಹೆಕ್ಟೇರಿಗೆ ಹೋಗಿತ್ತು. 2022ರಲ್ಲಿ ಅದನ್ನು 3.30 ಲಕ್ಷಕ್ಕೆ ಇಳಿಸಿದರು. ಇಳಿದರೂ ಕಂದಾಯ ಇಲಾಖೆಯ ನಕ್ಷೆಗೂ ಅರಣ್ಯ ಇಲಾಖೆಯ ನಕ್ಷೆಗೂ ಎಷ್ಟೋ ಸರ್ವೆ ನಂಬರುಗಳಲ್ಲಿ ತಾಳೆಯಿಲ್ಲ. ಎರಡೂ ಇಲಾಖೆಯವರು ಒಟ್ಟಿಗೆ ಬಂದು ಅಳೆಯುವ ತನಕ ಅರ್ಜಿ ಕಡತದಲ್ಲೇ ಇರುತ್ತದೆ. ಅರಣ್ಯ ಹಕ್ಕು ಕಾಯ್ದೆ 2006ರದ್ದು. ಅದರಲ್ಲಿ ಪರಿಶಿಷ್ಟ ಪಂಗಡದವರಲ್ಲದ ಪಾರಂಪರಿಕ ವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. 1930ರಲ್ಲಿ ಈ ಕಾಡಂಚಿನಲ್ಲಿದ್ದ ಬಡವನ ಗುಡಿಸಲಿಗೆ ಯಾರು ತಾನೇ ರಸೀದಿ ಕೊಟ್ಟಿದ್ದರು?

ಪಶ್ಚಿಮ ಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ಹೆಸರು ಕೇಳಿದರೆ ಇಲ್ಲಿ ಮನೆಯ ರಿಪೇರಿಯೂ ಬಂದ್ ಎಂಬ ಭಯ ಇದೆ. ಆ ಭಯಕ್ಕೆ ಆಧಾರವಿಲ್ಲ. ಆ ವರದಿಯನ್ನು ಆಧರಿಸಿದ 2024ರ ಜುಲೈ 31ರ ಕರಡು ಅಧಿಸೂಚನೆ ಕಟ್ಟಡಗಳ ವಿಚಾರದಲ್ಲಿ ತಡೆಯುವುದು 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳನ್ನು ಮತ್ತು ದೊಡ್ಡ ಟೌನ್‌ಶಿಪ್‌ಗಳನ್ನು. ಇರುವ ಮನೆಯ ದುರಸ್ತಿ, ವಿಸ್ತರಣೆಗೆ ಅಡ್ಡಿಯಿಲ್ಲ ಎಂದು ಅದರಲ್ಲೇ ಬರೆದಿದೆ. ರಾಜ್ಯ ಸಚಿವ ಸಂಪುಟ ಆ ಸೆಪ್ಟೆಂಬರ್‌ನಲ್ಲಿ ಅದನ್ನು ತಿರಸ್ಕರಿಸಿತು ಎಂಬುದು ಬೇರೆ ಮಾತು.

ಲೈನ್ ಮನೆ

ಈಗ ನಾಲ್ಕನೆಯ ಮನೆಗೆ ಬರೋಣ. ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಇದೇ.

ಲೈನ್ ಮನೆ ಎಂದರೆ ಉದ್ದನೆಯ ಒಂದೇ ಕಟ್ಟಡ, ಅದರಲ್ಲಿ ಐದೋ ಆರೋ ಎಂಟೋ ಬಾಗಿಲು. ಒಂದೊಂದು ಬಾಗಿಲ ಹಿಂದೆ ಒಂದು ಕೋಣೆ, ಅದರ ಹಿಂದೆ ಒಂದು ಅಡಿಗೆಮನೆ. ಮುಂದೆ ಎಲ್ಲರಿಗೂ ಸೇರಿದ ಒಂದೇ ಜಗಲಿ. ಜಗಲಿಯ ಕಂಬಕ್ಕೆ ಕಟ್ಟಿದ ಹಗ್ಗದಲ್ಲಿ ಮಳೆಗಾಲದುದ್ದಕ್ಕೂ ಒಣಗದ ಬಟ್ಟೆ. ಒಲೆಯ ಮೇಲಿನ ಅಟ್ಟದಲ್ಲಿ ಸೌದೆ, ಹೊಗೆ ಹಿಡಿದು ಎಣ್ಣೆ ಸವರಿದ ಹಾಗೆ ಮಿರುಗುವ ಪಕಾಸಿಗಳು. ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ನಂಬರು. ಆ ನಂಬರು ಪಂಚಾಯಿತಿಯದ್ದಲ್ಲ, ಎಸ್ಟೇಟಿನ ರೈಟರ್ ಹಾಕಿಸಿದ್ದು. ಇಂಥ ಜಗಲಿಯ ಮೇಲೆ ಕೂತು ಕಾಫಿ ಕುಡಿದಿದ್ದೇನೆ. ಆ ಮನೆಯ ಅಜ್ಜಿ ತಮ್ಮ ಅಪ್ಪನ ಜೊತೆ ಚಾರ್ಮಾಡಿ ಘಾಟಿ ಹತ್ತಿ ಬಂದವರು, ಮಗಳ ಬಾಣಂತನ ಮಾಡಿದ್ದೂ ಮೊಮ್ಮಗನಿಗೆ ಹೆಸರಿಟ್ಟದ್ದೂ ಅದೇ ಕೋಣೆಯಲ್ಲಿ. "ನಿಮ್ಮ ಮನೆ" ಎಂದು ನಾನು ಅಂದಾಗ ಅವರು ತಿದ್ದಿದರು: "ಸಾಹುಕಾರ್ರ ಮನೆ ಮಗಾ, ನಾವು ಇರೋದು ಅಷ್ಟೇ."

ಅಜ್ಜಿಯ ಮಾತು ಕಾನೂನಿನ ಪ್ರಕಾರ ನೂರಕ್ಕೆ ನೂರು ಸರಿ. ಭೂ ಸುಧಾರಣಾ ಕಾಯ್ದೆಯ 38ನೇ ಕಲಮು ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡಿರುವ ಕೃಷಿ ಕಾರ್ಮಿಕರಿಗೆ ಆ ಮನೆ ಮತ್ತು ಅದರ ಅಡಿಯ ಜಾಗದ ಹಕ್ಕು ಕೊಡುತ್ತದೆ. ಬಯಲುಸೀಮೆಯ ಎಷ್ಟೋ ಕೂಲಿಕಾರರು ಹೀಗೆ ಮನೆಯೊಡೆಯರಾದರು. ಆದರೆ ಅದೇ ಕಾಯ್ದೆಯ 104ನೇ ಕಲಮು ಕಾಫಿ, ಚಹಾ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳಿಗೆ 38ನೇ ಕಲಮು ಅನ್ವಯಿಸದು ಎಂದು ಹೇಳಿಬಿಟ್ಟಿದೆ. ಗದ್ದೆಯಲ್ಲಿ ನಾಟಿ ಮಾಡಿದವಳಿಗೆ ಸಿಕ್ಕ ಹಕ್ಕು ಕಾಫಿ ಕೊಯ್ದವಳಿಗೆ ಸಿಗಲಿಲ್ಲ. ನಡುವೆ ಒಂದು ಬೇಲಿ ಮಾತ್ರ.

ತೋಟದ ಕಾರ್ಮಿಕರಿಗೆ ಬೇರೆ ಕಾನೂನು ಇತ್ತು, 1951ರ ತೋಟ ಕಾರ್ಮಿಕರ ಕಾಯ್ದೆ. ಮನೆ ಕೊಡುವುದು ಮಾಲೀಕರ ಹೊಣೆ ಎಂದಿತು. ಕೊಟ್ಟ ಮನೆ ಕುಸಿದು ಸಾವುನೋವಾದರೆ ಪರಿಹಾರವೂ ಅವರದೇ ಎಂದು ಆಮೇಲೆ ಸೇರಿಸಿದರು. 5 ಹೆಕ್ಟೇರ್ ಮತ್ತು 15 ಕಾರ್ಮಿಕರಿಗಿಂತ ಕಡಿಮೆಯಿದ್ದ ತೋಟಗಳು ಅದರಿಂದ ಹೊರಗಿದ್ದವು. ಕರ್ನಾಟಕದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿಯವರೇ ಆದ್ದರಿಂದ ಎಷ್ಟೋ ಲೈನ್ ಮನೆಗಳಿಗೆ ಆ ಕಾಯ್ದೆಯ ನೆರಳೂ ಬಿದ್ದಿರಲಿಲ್ಲ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆ ಹೋಯಿತು. ತೋಟ ಕಾರ್ಮಿಕರಿಗೆ ಕುಡಿಯುವ ನೀರು, ಅಡಿಗೆಮನೆ, ಶೌಚಾಲಯ ಇರುವ ವಸತಿ ಕೊಡಬೇಕೆಂಬ ಮಾತು ಸಂಹಿತೆಯಲ್ಲೂ ಇದೆ. ಆದರೆ ಹಳೆಯದರಲ್ಲೂ ಹೊಸದರಲ್ಲೂ ಮನೆ ಕೆಲಸಕ್ಕೆ ಅಂಟಿಕೊಂಡಿದೆ. ಕೈಲಾಗುವ ತನಕ ಮನೆ. ಕೈ ಸೋತ ಮೇಲೆ, ಮಗನೋ ಸೊಸೆಯೋ ತೋಟದಲ್ಲಿ ಮುಂದುವರಿಯದಿದ್ದರೆ, ಅರವತ್ತು ವರ್ಷ ಬಾಳಿದ ಕೋಣೆ ಬಿಡಬೇಕು. ಸ್ವಂತ ಸೈಟು ಇಲ್ಲದವರಿಗೆ ಬಸವ ವಸತಿಯಂಥ ಯೋಜನೆಯ ಮನೆಯೂ ಮಂಜೂರಾಗದು, ಏಕೆಂದರೆ ಕಟ್ಟಲು ಜಾಗ ತಮ್ಮ ಹೆಸರಿನಲ್ಲಿರಬೇಕು.

ಇದರ ಪಕ್ಕದಲ್ಲಿ ಇನ್ನೊಂದು ತಿದ್ದುಪಡಿಯನ್ನು ಇಟ್ಟು ನೋಡಿ. ಭೂ ಕಂದಾಯ ಕಾಯ್ದೆಗೆ ಇತ್ತೀಚೆಗೆ ಸೇರಿಸಿದ 94ಇ ಕಲಮಿನ ಪ್ರಕಾರ 2005ರ ಜನವರಿ 1ಕ್ಕೆ ಮೊದಲು ಸರ್ಕಾರಿ ಕಂದಾಯ ಜಮೀನು ಒತ್ತುವರಿ ಮಾಡಿ ಕಾಫಿ, ಮೆಣಸು, ಏಲಕ್ಕಿ ಬೆಳೆದವರಿಗೆ 25 ಎಕರೆ ತನಕ 30 ವರ್ಷ ಗುತ್ತಿಗೆ ಕೊಡಬಹುದು. ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರು ಎಷ್ಟೋ ಕಾಲದಿಂದ ಕೇಳುತ್ತಿದ್ದುದು ಇದು. ಅವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಅಪ್ಪನ ಕಾಲದಲ್ಲಿ ನೆಟ್ಟ ಗಿಡ ಕಿತ್ತು ಹೋಗೀತೆಂಬ ಭಯದಲ್ಲಿ ಬದುಕುತ್ತಿರುವ ನಾಲ್ಕೈದು ಎಕರೆಯ ಕುಟುಂಬಗಳು ಇದರಲ್ಲಿ ಬಹಳ ಇವೆ. ನನ್ನ ತಕರಾರು ಗುತ್ತಿಗೆಯ ಮೇಲಲ್ಲ. ಒತ್ತುವರಿಯ ಕಾಫಿ ಗಿಡಕ್ಕೆ ನೆಲೆ ಕೊಡಲು ಕಾನೂನು ತಿದ್ದಬಹುದಾದರೆ, ಆ ಗಿಡ ನೆಟ್ಟವರ ಹತ್ತಡಿ ಕೋಣೆಗೆ ನೆಲೆ ಕೊಡಲು ಯಾಕೆ ತಿದ್ದಬಾರದು ಎಂಬುದಷ್ಟೇ ನನ್ನ ಪ್ರಶ್ನೆ.

ಬೆಳೆಗಾರರ ಆತಂಕ ಏನೆಂಬುದೂ ಗೊತ್ತು. ತೋಟದ ನಟ್ಟನಡುವಿನ ಲೈನಿಗೆ ಹಕ್ಕುಪತ್ರ ಕೊಟ್ಟರೆ ನಾಳೆ ದಾರಿ, ನೀರಿನ ಜಗಳ ಬಂದೀತು. ಇದ್ದವರು ಕೆಲಸ ಬಿಟ್ಟರೆ ಹೊಸದಾಗಿ ಬಂದವರಿಗೆ, ಈಗಂತೂ ಅಸ್ಸಾಂ, ಬಂಗಾಳದಿಂದ ಬರುವವರಿಗೆ, ಇರಲು ಜಾಗ ಎಲ್ಲಿ? ನ್ಯಾಯವಾದ ಮಾತೇ. ಅದಕ್ಕೆ ದಾರಿ ಪಂಚಾಯಿತಿ ರಸ್ತೆಯ ಬದಿಯ ಸರ್ಕಾರಿ ಜಾಗದಲ್ಲಿ ನಿವೇಶನ. ಆ ಜಾಗ ಎಲ್ಲಿದೆ ಎಂದು ಕೇಳಿದರೆ ಮತ್ತೆ ಒತ್ತುವರಿಯ ನಕ್ಷೆಗೇ ಬಂದು ನಿಲ್ಲುತ್ತೇವೆ.

ಕಟ್ಟುವವರ ಪಾಡು

ಜಾವಳಿಯಲ್ಲಿ ಬಿಲ್ಡರ್ ಎಂದರೆ ಹೋರ್ಡಿಂಗಿನ ಕಂಪನಿಯಲ್ಲ. ನಾಲ್ಕು ಆಳು, ಒಂದು ಮಿಕ್ಸರ್ ಇಟ್ಟುಕೊಂಡ ಗಾರೆ ಮೇಸ್ತ್ರಿ. ಕಾಫಿ ಕೊಯ್ಲು ಮುಗಿದು ಜನರ ಕೈಯಲ್ಲಿ ದುಡ್ಡು ಓಡಾಡುವ ಜನವರಿ-ಫೆಬ್ರುವರಿಗೆ ಕೆಲಸ ಹಿಡಿದು ಜೂನ್ ಮೊದಲ ವಾರದೊಳಗೆ ಹೆಂಚು ಹೊದೆಸಬೇಕು. ಪರವಾನಗಿ ಕಾಗದ ಒಂದೂವರೆ ತಿಂಗಳು ತಡವಾದರೆ ಆ ವರ್ಷದ ಮನೆ ಮುಂದಿನ ವರ್ಷಕ್ಕೆ.

ಇವನ ಕೆಲಸವನ್ನು ಮೀರಟ್‌ನ ಒಂದು ವ್ಯಾಜ್ಯ ತಡೆಯಿತು ಎಂದರೆ ನಂಬುವುದು ಕಷ್ಟ, ಆದರೂ ನಡೆದದ್ದು ಹಾಗೆಯೇ. ಉತ್ತರ ಪ್ರದೇಶದ ಮೀರಟ್‌ನಲ್ಲಿ ವಸತಿ ನಿವೇಶನದ ಮೇಲೆ ಅಂಗಡಿ ಕಟ್ಟಿದ ಪ್ರಕರಣದಲ್ಲಿ 2024ರ ಡಿಸೆಂಬರ್ 17ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಜನ ಒ.ಸಿ. ಎಂದು ಕರೆಯುವ ಸ್ವಾಧೀನಾನುಭವ ಪತ್ರ ಇಲ್ಲದೆ ಕರೆಂಟು, ನೀರು ಕೊಡಬಾರದು ಎಂದು ದೇಶಕ್ಕೆಲ್ಲ ಹೇಳಿತು. 2025ರ ಏಪ್ರಿಲ್‌ನಿಂದ ಕರ್ನಾಟಕದ ವಿದ್ಯುತ್ ಕಂಪನಿಗಳು ಹೊಸ ಸಂಪರ್ಕಕ್ಕೆ ಆ ಪತ್ರ ಕೇಳತೊಡಗಿದವು. ಮಹಾನಗರದ ನಿಯಮ ಮೀರಿದ ಬಹುಮಹಡಿಗೆ ಹಾಕಿದ ಕಡಿವಾಣ ಅದು. ಸರಿಯಾದದ್ದೇ. ಆದರೆ ಒ.ಸಿ. ಎಂಬ ಪದವನ್ನೇ ಕೇಳಿರದ ಹಳ್ಳಿಗಳ ಹೊಸ ಮನೆಗಳೂ ಕತ್ತಲಲ್ಲಿ ನಿಂತವು. ಆಮೇಲೆ ಸರ್ಕಾರ 1,200 ಚದರಡಿ ತನಕದ ನಿವೇಶನಗಳ ಸಣ್ಣ ಮನೆಗಳಿಗೆ ವಿನಾಯಿತಿಯ ದಾರಿ ತೆರೆಯಿತು. ಅದೂ ಪಟ್ಟಣದ ಮೂವತ್ತು-ನಲವತ್ತರ ಸೈಟಿನ ಲೆಕ್ಕ. ಎರಡೆಕರೆ ಸರ್ವೆ ನಂಬರಿನ ಮೂಲೆಯಲ್ಲಿ ನಿಂತ ಮಲೆನಾಡ ಮನೆ ಎಷ್ಟು ಚದರಡಿ ಸೈಟಿನಲ್ಲಿದೆ ಎಂದು ಬರೆಯುವುದು?

ದೊಡ್ಡ ಬಿಲ್ಡರುಗಳು ಗುಡ್ಡಕ್ಕೆ ಬೇರೆ ದಾರಿಯಲ್ಲಿ ಬಂದರು. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ರದ್ದಾಗಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಎಂದಾದಾಗ ಬಯಲುಸೀಮೆಯಲ್ಲಿ ಕೋಲಾಹಲವೇ ಎದ್ದಿತು. ಕಾಫಿ ತೋಟಗಳಿಗೆ ಮಾತ್ರ ಅದು ಹೊಸದಾಗಿರಲಿಲ್ಲ. ಲೈನ್ ಮನೆಯವರ ಹಕ್ಕು ತಡೆದ ಅದೇ 104ನೇ ಕಲಮು ತೋಟಗಳನ್ನು 79ಎ, 79ಬಿಯಿಂದಲೂ ಹೊರಗಿಟ್ಟಿತ್ತು. ಬೆಂಗಳೂರಿನ ಯಾರು ಬೇಕಾದರೂ ಇಲ್ಲಿ ತೋಟ ಕೊಳ್ಳಬಹುದಿತ್ತು, ಕೊಂಡರು. 2020ರ ನಂತರ ಬದಲಾದದ್ದು ಕಣಿವೆಯ ಗದ್ದೆಗಳ ಪಾಡು. ಬೇಸಾಯ ಬಿಟ್ಟ ಗದ್ದೆ ಈಗ ಯಾರಿಗೆ ಬೇಕಾದರೂ ಮಾರಾಟವಾಗುತ್ತದೆ, ಮಣ್ಣು ತುಂಬಿದರೆ ಕಾಟೇಜಿನ ಅಂಗಳ.

ಸ್ವಂತ ಜಮೀನಿನಲ್ಲಿ ತೋಟದ ಮನೆ ಕಟ್ಟಲು ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಬೇಡ, ಹಿಡುವಳಿಯ ಶೇ 10ರ ಮಿತಿಯೊಳಗೆ ಇರಬೇಕು ಅಷ್ಟೇ. ಕೃಷಿಕನ ವಾಸಕ್ಕೆಂದು ಕೊಟ್ಟ ಈ ಸವಲತ್ತಿನ ಹೆಸರಿನಲ್ಲಿ ಬಾಡಿಗೆ ಕಾಟೇಜುಗಳು ಎದ್ದು ನಿಂತಿರುವುದನ್ನು ನೋಡಲು ವಾರಾಂತ್ಯದಲ್ಲಿ ಕೊಟ್ಟಿಗೆಹಾರದ ಟ್ರಾಫಿಕ್ಕಿನಲ್ಲಿ ನಿಂತರೆ ಸಾಕು. ಇನ್ನು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. 2016ರ ಆ ಕಾಯ್ದೆ ಮನೆ ಕೊಳ್ಳುವವರಿಗೆ ನಿಜವಾದ ಗುರಾಣಿ. ಒಪ್ಪಂದಕ್ಕೆ ಮುಂಚೆ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಪಡೆದ ಹಣದ ಶೇ 70ನ್ನು ಅದೇ ಕಟ್ಟಡದ ಖಾತೆಯಲ್ಲಿಡಬೇಕು. ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರೇ ಸರಿಮಾಡಿಕೊಡಬೇಕು. ಆದರೆ ಅದು ಅನ್ವಯಿಸುವುದು ಮುಖ್ಯವಾಗಿ ನಗರ ಯೋಜನಾ ಪ್ರದೇಶಕ್ಕೆ, ಅದರಲ್ಲೂ 500 ಚದರ ಮೀಟರ್ ಅಥವಾ ಎಂಟು ಮನೆ ಮೀರಿದ ಯೋಜನೆಗಳಿಗೆ. ಗುಡ್ಡದ ಹಳ್ಳಿಗಳು ಬಹುಮಟ್ಟಿಗೆ ಅದರಾಚೆ ಇವೆ. ಕಾಫಿ ತೋಟದಲ್ಲಿ ನಿಮ್ಮದೇ ವಿಲ್ಲಾ ಎಂಬ ಜಾಹೀರಾತು ನೋಡಿ ಜಂಟಿ ಪಹಣಿಯಲ್ಲಿ ಪಾಲು ಕೊಳ್ಳುವವರು ಈ ಗುರಾಣಿ ಇಲ್ಲದೆ ಕೊಳ್ಳುತ್ತಿದ್ದಾರೆ. ಪೋಡಿ ಆಗಿ ಪಾಲು ಬೇರೆಯಾಗಿದೆಯೇ, ಮಾರುವ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಮುಂಗಡ ಕೊಡಬೇಡಿ.

ಧರೆ

ಕಟ್ಟಡ ಪರವಾನಗಿ ಕೊಡುವ ಅಧಿಕಾರ ಗ್ರಾಮ ಪಂಚಾಯಿತಿಯದ್ದು. ಅಲ್ಲಿ ಇಂಜಿನಿಯರ್ ಇಲ್ಲ. ಗುಡ್ಡದ ಇಳಿಜಾರು ಎಷ್ಟು, ಎಷ್ಟು ಧರೆ ಕಡಿದರೆ ಮೇಲಿನ ಮಣ್ಣು ಸಡಿಲವಾದೀತು ಎಂದು ಹೇಳಬಲ್ಲವರು ತಾಲ್ಲೂಕು ಮಟ್ಟದಲ್ಲೂ ಇರುವುದು ಕಷ್ಟ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ನೋಡುವುದು ಕಾಗದ. ಕಾಗದ ಸರಿಯಿದ್ದರೆ ಸಹಿ.

2019ರ ಆಗಸ್ಟ್ ಎರಡನೇ ವಾರದಲ್ಲಿ ಇದೇ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿಯ ಕಡೆ ಗುಡ್ಡವೇ ಜಾರಿ ಮನೆ, ಗದ್ದೆ, ತೋಟಗಳ ಮೇಲೆ ಬಂತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ದುಡ್ಡಿಗಿಂತ ಕಷ್ಟವಾದದ್ದು ಹೊಸ ಜಾಗ. ಕುಸಿದ ಜಾಗದಲ್ಲಿ ಮತ್ತೆ ಕಟ್ಟುವಂತಿಲ್ಲ, ಸುರಕ್ಷಿತ ಸರ್ಕಾರಿ ಜಾಗ ಗುರುತಿಸಲು ಹೊರಟರೆ ಒಂದು ಅರಣ್ಯ, ಇನ್ನೊಂದು ಒತ್ತುವರಿ. ಸಂತ್ರಸ್ತರು ವರ್ಷಗಟ್ಟಲೆ ಬಾಡಿಗೆ ಮನೆಗಳಲ್ಲಿ, ನೆಂಟರ ಮನೆಗಳಲ್ಲಿ ಕಾದರು.

11ಬಿ ಹಂಚುವ ಈ ಹೊತ್ತಿನಲ್ಲಿ ಪ್ರತಿ ಮನೆಯ ಅಳತೆ ತೆಗೆಯಲು ಯಾರಾದರೂ ಹೋಗಲೇಬೇಕು. ಹೋದವರು ಹಿಂದಿನ ಧರೆಯ ಎತ್ತರವನ್ನೂ ಬರೆದುಕೊಂಡು ಬರಲಿ. ಅದಕ್ಕೆ ಹೊಸ ಕಾನೂನು ಬೇಡ, ನಮೂನೆಯಲ್ಲಿ ಒಂದು ಕಲಂ ಸಾಕು. ಮುಂದಿನ ಆಗಸ್ಟ್‌ನಲ್ಲಿ ಯಾರನ್ನು ಮೊದಲು ಎಬ್ಬಿಸಬೇಕು ಎಂಬ ಪಟ್ಟಿ ಪಂಚಾಯಿತಿಯ ಕೈಯಲ್ಲಿರುತ್ತದೆ.

ಕಂದಾಯ ಇಲಾಖೆಗೆ ಇನ್ನೊಂದು ಬಿನ್ನಹ. 94ಇ ಅಡಿ ಗುತ್ತಿಗೆ ಕೇಳಿರುವ ಜಮೀನು ಖಾಸಗಿಯಲ್ಲ, ಸರ್ಕಾರದ್ದೇ. ಅಂಥ ಜಮೀನಿನಲ್ಲಿ ಲೈನ್ ಮನೆಗಳಿದ್ದರೆ ಅವು ನಿಂತಿರುವುದೂ ಸರ್ಕಾರದ ನೆಲದ ಮೇಲೆ. ಗುತ್ತಿಗೆಗೆ ಅಳೆಯುವ ಸರ್ವೆಯವರೇ ಆ ಮನೆಗಳ ಜಾಗವನ್ನು, ಇಲ್ಲವೇ ರಸ್ತೆ ಬದಿಯಲ್ಲಿ ಅಷ್ಟೇ ಜಾಗವನ್ನು, ಅದೇ ನಕ್ಷೆಯಲ್ಲಿ ಬೇರ್ಪಡಿಸಿ ನಿವೇಶನಕ್ಕೆ ಕಾದಿರಿಸಲಿ. ಇಪ್ಪತ್ತೈದು ಎಕರೆಯಲ್ಲಿ ಅರ್ಧ ಎಕರೆ ಬಿಟ್ಟರೆ ಹತ್ತು ಕುಟುಂಬಗಳಿಗೆ ಮನೆಯಾಗುತ್ತದೆ. ಆದರೆ ಅದು ಗುತ್ತಿಗೆ ಪತ್ರಕ್ಕೆ ಸಹಿ ಬೀಳುವ ಮೊದಲು ಆಗಬೇಕು. ಸಹಿ ಬಿದ್ದ ಮೇಲೆ ಮೂವತ್ತು ವರ್ಷ ಆ ನೆಲ ಗುತ್ತಿಗೆದಾರರ ಕೈಯಲ್ಲಿರುತ್ತದೆ.